‘ತಪ್ಪಾಯ್ತು’ ಅನ್ನಲು ನಾಲಿಗೆ ಹೊರಳದೇ?



ಪ್ರತಿ ಸಂಚಿಕೆಯಲ್ಲೂ ಯಾರನ್ನಾದರೂ ತರಾಟೆಗೆ ತೆಗೆದುಕೊಳ್ಳುವುದು ಈ ಪುಟದ ವಾಡಿಕೆ. ಈ ಸಲ ನಮ್ಮನ್ನೇ ನಾವು ತರಾಟೆಗೆ ತೆಗೆದುಕೊಳ್ಳೋಣ. ಓದಿ ಸಿಟ್ಟು ಬಂದರೆ ಬರಲಿ. ಬೈಕಿನ ಮೇಲೆ ಕೂತಿದ್ದಾಗ ಮಾತ್ರ ಆ ಸಿಟ್ಟು ಬೇಡ.

ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸದ ಹಿರಿಯರೊಬ್ಬರಿದ್ದಾರೆ. ಅರವತ್ತು ದಾಟಿದ ಜೀವ. ನಾನು ಮೊದಲ ಮೆಷಿನ್ ಹಾಕಿದ ದಿನದಿಂದ ಜೊತೆಗಿದ್ದಾರೆ. ಬಿಲ್ ಬುಕ್ಕಿಗೆ ನಂಬರ್ ಹೊಡೆಯುವುದರಿಂದ ಹಿಡಿದು ಪುಸ್ತಕಕ್ಕೆ ಹೊಲಿಗೆ ಹಾಕುವವರೆಗೆ ಅವರ ಕೈ ಆಡದ ಕೆಲಸವಿಲ್ಲ. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಚಾಮರಾಜಪೇಟೆಯಲ್ಲಿ ಬಸ್ಸಿಳಿದು ನಡೆದು ಬರುತ್ತಿದ್ದರು. ರಸ್ತೆಯಲ್ಲಲ್ಲ, ಫುಟ್‌ಪಾತಿನ ಮೇಲೆ. ರಸ್ತೆಯಲ್ಲಿ ಜಾಮ್ ಆಗಿತ್ತು. ಬೈಕೊಂದು ಫುಟ್‌ಪಾತ್ ಹತ್ತಿ ಹಿಂದಿನಿಂದ ಬಂತು. ಹ್ಯಾಂಡಲ್ ತಗುಲಿ ಹಿರಿಯರು ಮಗುಚಿ ಬಿದ್ದರು. ಮಂಡಿಚಿಪ್ಪು ಒಡೆಯಿತು.

ಬೈಕಿನ ಹುಡುಗ ನಿಂತ. ಇಳಿದು ಬಂದನೇ? ಕೈ ಹಿಡಿದು ಎಬ್ಬಿಸಿದನೇ? ಇಲ್ಲ! ‘ನೋಡ್ಕೊಂಡು ನಡೆಯೋಕಾಗಲ್ವೇನಯ್ಯಾ?’ ಎಂದು ಗದರಿಸಿ ಹೊರಟೇ ಹೋದ. ನಡೆಯುವವರಿಗೆಂದೇ ಕಟ್ಟಿದ ಜಾಗದಲ್ಲಿ ನಡೆಯುತ್ತಿದ್ದವರಿಗೆ, ಅಪ್ಪನ ವಯಸ್ಸಿನವರಿಗೆ, ಇಪ್ಪತ್ತೆರಡರ ಹುಡುಗ ಹೇಳಿಕೊಟ್ಟ ಬುದ್ಧಿ ಇದು.

ಮೂರು ತಿಂಗಳು ಅವರು ಪ್ರೆಸ್ಸಿಗೆ ಬರಲಿಲ್ಲ. ಈಗ ಬರುತ್ತಾರೆ. ನೆಲದ ಮೇಲೆ ಕೂತು ಫಾರಂ ಮಡಚಲು ಮಂಡಿ ಬಾಗುವುದಿಲ್ಲ. ಎತ್ತರದ ಸ್ಟೂಲು ಹಾಕಿಕೊಟ್ಟಿದ್ದೇನೆ.

‘ಬೈಕಿನ ನಂಬರ್ ನೋಡಿದ್ರಾ?’ ಎಂದು ಕೇಳಿದೆ. ನಂಬರ್ ನೋಡಿರಲಿಲ್ಲ. ಆದರೆ ಹಿಂದಿನ ಮಡ್‌ಗಾರ್ಡಿನ ಮೇಲಿದ್ದ ಹಳದಿ-ಕೆಂಪು ಸ್ಟಿಕ್ಕರ್ ನೋಡಿದ್ದರು. ‘ನಮ್ಮ ಪ್ರೆಸ್ಸಿನದೇ ಸಾರ್. ರಾಜ್ಯೋತ್ಸವಕ್ಕೆ ಅಂತ ಹೊಡೆದದ್ದು. ಕಟಿಂಗ್ ನಾನೇ ಮಾಡಿದ್ದೆ’ ಅಂದರು.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಗೆಳೆಯರೇ, ಆ ಹುಡುಗ ಹೊರಗಿನವನಲ್ಲ. ನಮ್ಮವನು. ಬಹುಶಃ ಈ ಪತ್ರಿಕೆಯನ್ನೂ ಓದುವವನು. ನವೆಂಬರ್ ಒಂದರಂದು ಬಾವುಟ ಕಟ್ಟಿಕೊಂಡು ಬರುವ ನಮ್ಮ ಮೆರವಣಿಗೆಯನ್ನೇ ನೆನೆಸಿಕೊಳ್ಳಿ. ಒಂದೊಂದು ಬೈಕಿನ ಮೇಲೆ ಮೂವರು, ತಲೆಗೆ ಹೆಲ್ಮೆಟ್ ಇಲ್ಲ, ಕಿವಿ ಕಿತ್ತುಹೋಗುವ ಸೈಲೆನ್ಸರ್ ಸದ್ದು. ಎದುರಿಗೆ ಆಂಬುಲೆನ್ಸ್ ಬಂದರೂ ಅರ್ಧ ಮಂದಿಗೆ ಕೇಳಿಸುವುದಿಲ್ಲ. ಅದರೊಳಗೆ ಮಲಗಿರುವವರೂ ಕನ್ನಡದ ತಾಯಿಯೇ ಇರಬಹುದಲ್ಲ! ಬಾವುಟ ಹಿಡಿದ ಕೈ ಎರಡು ಪಟ್ಟು ಜವಾಬ್ದಾರಿಯ ಕೈ. ನೀವು ಅಡ್ಡಾದಿಡ್ಡಿ ನುಗ್ಗಿದರೆ ಜನ ನಿಮ್ಮೊಬ್ಬರನ್ನೇ ಬೈಯುವುದಿಲ್ಲ, ಬಾವುಟಕ್ಕೂ ಸೇರಿಸಿ ಬೈಯುತ್ತಾರೆ.

ನಾನೇನು ಸಾಚಾ ಎಂದು ತಿಳಿಯಬೇಡಿ. ನಾಲ್ಕು ವರ್ಷದ ಹಿಂದಿನ ಮಾತು. ಲಗ್ನಪತ್ರಿಕೆಗಳ ಕಟ್ಟುಗಳನ್ನು ಓಮ್ನಿಯಲ್ಲಿ ತುಂಬಿಕೊಂಡು ಹೊರಟಿದ್ದೆ. ಪಾರ್ಟಿ ಹತ್ತು ಸಲ ಫೋನ್ ಮಾಡಿದ್ದರು. ಕೆ.ಆರ್. ಮಾರುಕಟ್ಟೆಯ ಹತ್ತಿರ ನನ್ನ ಮುಂದಿದ್ದ ಕಾರು ನಿಂತೇಬಿಟ್ಟಿತು. ಹಾರ್ನ್ ಒತ್ತಿದೆ. ಕದಲಲಿಲ್ಲ. ಒತ್ತಿದ ಬೆರಳು ತೆಗೆಯದೆ ಒತ್ತಿಯೇ ಹಿಡಿದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಇಲ್ಲಿ ಬರೆಯಲಾಗದ ಮಾತೊಂದನ್ನೂ ಅಂದೆ. ಆಮೇಲೆ ಆ ಕಾರಿನ ಮುಂದಿನಿಂದ ಹೂವಿನ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಮೆಲ್ಲಗೆ ದಾಟಿ ಈಚೆಗೆ ಬಂದಳು. ಆ ಪುಣ್ಯಾತ್ಮ ಆಕೆಗಾಗಿ ನಿಂತಿದ್ದ! ನನ್ನ ಮಾತು ಆಕೆಗೂ ಕೇಳಿಸಿತ್ತು. ನನ್ನ ಕಡೆ ನೋಡಿದಳು, ಏನೂ ಅನ್ನಲಿಲ್ಲ.

ಅಂದು ನಾನು ಕಲಿತ ಪಾಠ ಇಷ್ಟೇ. ಮುಂದಿನವನ ಮುಂದೆ ಏನಿದೆ ಎಂಬುದು ಹಿಂದಿರುವ ನಮಗೆ ಕಾಣುವುದಿಲ್ಲ. ಗುಂಡಿ ಇರಬಹುದು, ಮಗು ಇರಬಹುದು, ಬಿದ್ದ ತಂತಿ ಇರಬಹುದು. ಕಾಣದ್ದಕ್ಕೆ ಹಾರ್ನ್ ಹೊಡೆಯುವುದು ಕುರುಡನ ಕೈಗೆ ಕೋವಿ ಕೊಟ್ಟ ಹಾಗೆ.

ಇಷ್ಟೆಲ್ಲ ಅವಸರದಿಂದ ಉಳಿಯುವುದಾದರೂ ಏನು? ಲೆಕ್ಕ ಹಾಕೋಣ. ಹತ್ತು ಕಿಲೋಮೀಟರ್ ದಾರಿ. ಗಂಟೆಗೆ ಸರಾಸರಿ 20 ಕಿಲೋಮೀಟರ್ ವೇಗವಾದರೆ 30 ನಿಮಿಷ ಹಿಡಿಯುತ್ತದೆ. ನೀವು ನುಗ್ಗಿ, ತೂರಿ, ಹತ್ತು ಮಂದಿಯ ಶಾಪ ಹೊತ್ತು ಸರಾಸರಿಯನ್ನು 22ಕ್ಕೆ ಏರಿಸಿದಿರಿ ಎನ್ನಿ. 27 ನಿಮಿಷ ಚಿಲ್ಲರೆ. ಉಳಿದದ್ದು ಮೂರು ನಿಮಿಷವೂ ಇಲ್ಲ! ಅದನ್ನೂ ಮುಂದಿನ ಸಿಗ್ನಲ್ಲು ನುಂಗುತ್ತದೆ. ಅಲ್ಲಿ ನೀವು ಹಿಂದೆ ಹಾಕಿ ಬಂದ ಮುದುಕನ ಸ್ಕೂಟರ್ ನಿಮ್ಮ ಪಕ್ಕದಲ್ಲೇ ಬಂದು ನಿಲ್ಲುತ್ತದೆ.

ಇನ್ನೊಂದು ಲೆಕ್ಕ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಗಾಡಿ ಒಂದು ಸೆಕೆಂಡಿಗೆ ಹದಿನಾರು ಮೀಟರಿಗಿಂತ ಹೆಚ್ಚು ಓಡುತ್ತದೆ. ಅಡ್ಡ ಬಂದದ್ದನ್ನು ಕಣ್ಣು ಕಂಡು ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಸುಮಾರು ಒಂದು ಸೆಕೆಂಡ್ ಕಳೆದಿರುತ್ತದೆ. ಅಂದರೆ ಬ್ರೇಕ್ ಹಿಡಿಯುವ ಮೊದಲೇ ಹದಿನಾರು ಮೀಟರ್ ಮುಗಿಯಿತು. ಮುಂದಿನ ಗಾಡಿಯ ಬಾಲಕ್ಕೆ ಮೂಗು ತಾಗಿಸಿಕೊಂಡು ಹೋಗುವವನಿಗೆ ಆ ಹದಿನಾರು ಮೀಟರ್ ಎಲ್ಲಿಂದ ಬರಬೇಕು? ನಮ್ಮ ಕಸುಬಿನಲ್ಲಿ ಪುಟದ ಸುತ್ತ ಮಾರ್ಜಿನ್ ಬಿಡುತ್ತೇವೆ. ಕಾಗದ ದಂಡ ಎಂದು ಅದಕ್ಕೂ ಅಕ್ಷರ ತುಂಬಿದರೆ ಕಟಿಂಗ್ ಮೆಷಿನ್ನಿನಲ್ಲಿ ಅಕ್ಷರವೇ ಕತ್ತರಿಸಿ ಹೋಗುತ್ತದೆ. ರಸ್ತೆಯಲ್ಲಿ ಬಿಡುವ ಜಾಗವೂ ಮಾರ್ಜಿನ್ನೇ. ಅಲ್ಲಿ ಕತ್ತರಿಸಿ ಹೋಗುವುದು ಅಕ್ಷರವಲ್ಲ, ಅಷ್ಟೇ.

2022ನೇ ಇಸವಿಯೊಂದರಲ್ಲೇ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಕೇಂದ್ರ ಸರ್ಕಾರವೇ ಅಚ್ಚು ಹಾಕಿಸಿದ ಲೆಕ್ಕ ಇದು. ದಿನಕ್ಕೆ 461 ಹೆಣ! ಇವರಲ್ಲಿ 74 ಸಾವಿರಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. 32 ಸಾವಿರಕ್ಕೂ ಹೆಚ್ಚು ಮಂದಿ ನಡೆದು ಹೋಗುತ್ತಿದ್ದವರು. ಕಾರಿನ ಗಾಜಿನೊಳಗೆ ತಣ್ಣಗೆ ಕೂತವರಿಗಿಂತ ನಿಮ್ಮಂಥ ಬೈಕಿನ ಹುಡುಗರೂ ನಮ್ಮ ಬೈಂಡರ್ ಥರದ ಕಾಲ್ನಡಿಗೆಯವರೂ ಹೆಚ್ಚು ಸಾಯುತ್ತಿದ್ದಾರೆ. ಸಾಯುವ ಎರಡು ಗುಂಪುಗಳೇ ಒಂದನ್ನೊಂದು ಫುಟ್‌ಪಾತಿನ ಮೇಲೆ ಗುದ್ದಿಕೊಳ್ಳುತ್ತಿವೆಯಲ್ಲ, ಇದಕ್ಕೇನನ್ನಬೇಕು?

ಸರ್ಕಾರದ ತಪ್ಪಿಲ್ಲವೇ? ಬೇಕಾದಷ್ಟಿದೆ. ಗುಂಡಿ ಮುಚ್ಚದೆ ಬಿಲ್ ಬರೆಯುವವರು, ಫುಟ್‌ಪಾತ್ ಅಗೆದು ಹಾಗೇ ಬಿಟ್ಟು ಹೋಗುವವರು, ಬಸ್‌ಸ್ಟಾಪಿನಲ್ಲಿ ಆಟೊ ನಿಂತರೂ ಬೇರೆ ಕಡೆ ನೋಡುವವರು, ಇವರನ್ನೆಲ್ಲ ಈ ಪುಟದಲ್ಲಿ ಬೈದಿದ್ದೇವೆ, ಇನ್ನೂ ಬೈಯುತ್ತೇವೆ. 2023ರ ಫೆಬ್ರವರಿಯಲ್ಲಿ ಬಾಕಿ ಇದ್ದ ಟ್ರಾಫಿಕ್ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟರು. ಆಷಾಢದ ಸೀರೆ ಮಾರಾಟದ ಹಾಗೆ! ಜನ ಸಾಲು ನಿಂತು ಕಟ್ಟಿದರು. ಅದೊಂದೇ ಸಲಕ್ಕೆ ನಿಲ್ಲಲೂ ಇಲ್ಲ. ಕೆಂಪು ದೀಪ ಕಂಡಾಗಲೆಲ್ಲ ನಿಂತ ಬಡಪಾಯಿಗೆ ಮಾತ್ರ ಯಾವ ರಿಯಾಯಿತಿಯೂ ಸಿಗಲಿಲ್ಲ.

ಕಾನೂನು ಇಲ್ಲವೆಂದಲ್ಲ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದರು. ಆಂಬುಲೆನ್ಸಿಗೆ ದಾರಿ ಬಿಡದವನಿಗೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಎಂದು ಅದರಲ್ಲಿ ಬರೆದಿದೆ. ಬೇಡದ ಹಾರ್ನಿಗೆ ಮೊದಲ ಸಲ 1,000, ಎರಡನೇ ಸಲ 2,000 ರೂಪಾಯಿ. ಪೊಲೀಸಿನವರಿಲ್ಲದ ಜೀಬ್ರಾ ಪಟ್ಟೆಯಲ್ಲಿ ಗಾಡಿಗಿಂತ ನಡೆಯುವವನೇ ಮೊದಲು ಎಂದು 2017ರ ಚಾಲನಾ ನಿಯಮ ಹೇಳುತ್ತದೆ. ಎಷ್ಟು ಮಂದಿಗೆ ಗೊತ್ತು? ಆದರೆ ಒಂದು ಕೋಟಿಗೂ ಮೀರಿ ಗಾಡಿಗಳಿರುವ ಈ ಬೆಂಗಳೂರಿನಲ್ಲಿ ಒಂದೊಂದು ಗಾಡಿಯ ಹಿಂದೆ ಒಬ್ಬ ಪೊಲೀಸನನ್ನು ನಿಲ್ಲಿಸಲು ಯಾವ ಸರ್ಕಾರಕ್ಕೂ ಆಗುವುದಿಲ್ಲ. ಕಾನೂನು ಮುಟ್ಟದ ಕಡೆ ಮರ್ಯಾದೆ ಮುಟ್ಟಬೇಕು.

ಈಗ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. ‘ಅಣ್ಣಾ, ನಾವು ಸರಿಯಾಗೇ ಹೋಗ್ತೀವಿ. ಎದುರಿನವನು ನಾಯಿ ಥರ ನುಗ್ಗಿದರೆ ಏನು ಮಾಡೋದು?’

ದಾರಿ ಬಿಡಿ. ಹೌದು, ಬಿಟ್ಟುಬಿಡಿ. ಹಿಂದಿನಿಂದ ಹಾರ್ನ್ ಹೊಡೆದು ಪ್ರಾಣ ತಿನ್ನುವವನು ಮುಂದೆ ಹೋಗಲಿ. ಅಂಥವನು ಬೆನ್ನ ಹಿಂದಿರುವುದಕ್ಕಿಂತ ಕಣ್ಣ ಮುಂದಿರುವುದೇ ಕ್ಷೇಮ. ಅವನನ್ನು ಅಟ್ಟಿಸಿಕೊಂಡು ಹೋಗಬೇಡಿ. ಪಕ್ಕಕ್ಕೆ ಬಂದು ಗುರಾಯಿಸಬೇಡಿ. ಸಿಗ್ನಲ್ಲಿನಲ್ಲಿ ಇಳಿದು ಅವನ ಬಾಗಿಲು ಬಡಿಯಬೇಡಿ. ಐದು ನಿಮಿಷದ ಸಿಟ್ಟಿಗೆ ಐದು ವರ್ಷ ಕೋರ್ಟು ಅಲೆಯುವವರನ್ನು ನೋಡಿದ್ದೇನೆ. ನಿಜಕ್ಕೂ ಅಪಾಯದ ಓಟವಾದರೆ ನಂಬರ್ ನೆನಪಿಟ್ಟುಕೊಳ್ಳಿ, ಪಕ್ಕಕ್ಕೆ ನಿಲ್ಲಿಸಿ 112ಕ್ಕೆ ಫೋನ್ ಮಾಡಿ.

ಎದುರಿನಿಂದ ಹೈ ಬೀಮ್ ಹಾಕಿಕೊಂಡು ಬರುವವನಿಗೆ ನೀವೂ ಹೈ ಬೀಮ್ ಹಾಕಿ ಸೇಡು ತೀರಿಸಿಕೊಳ್ಳಬೇಡಿ. ಒಬ್ಬ ಕುರುಡನ ಜಾಗದಲ್ಲಿ ಇಬ್ಬರು ಕುರುಡರಾದಾರು. ವೇಗ ತಗ್ಗಿಸಿ, ರಸ್ತೆಯ ಎಡ ಅಂಚು ನೋಡಿ ಹೋಗಿ. ನಮ್ಮ ಅಪ್ಪಂದಿರ ಕಾಲದಲ್ಲಿ ಹೆಡ್‌ಲೈಟಿನ ಮೇಲೆ ಕಪ್ಪು ಬೊಟ್ಟು ಇಡುತ್ತಿದ್ದರು. ದೃಷ್ಟಿಬೊಟ್ಟಲ್ಲ, ಎದುರಿನವನ ಕಣ್ಣಿಗೆ ಹೊಡೆಯದಿರಲಿ ಎಂದು. ಈಗ ಬೊಟ್ಟು ಬೇಡ, ಬೆರಳ ತುದಿಯಲ್ಲಿ ಸ್ವಿಚ್ ಇದೆ. ಒತ್ತುವ ಮನಸ್ಸಿಲ್ಲ.

ಸ್ಕೂಟರ್ ಓಡಿಸುವ ಹೆಣ್ಣುಮಕ್ಕಳನ್ನು ಕಂಡರೆ ಬೇಕೆಂದೇ ಹತ್ತಿರ ತೂರುವ, ಹಿಂದಿನಿಂದ ಹಾರ್ನ್ ಬಾರಿಸಿ ಕೇಕೆ ಹಾಕುವ ವೀರರಿದ್ದಾರೆ. ಅದು ಗಂಡಸುತನವಲ್ಲ, ಹೇಡಿತನ. ನಿಮ್ಮ ಗೆಳೆಯನೇ ಹಾಗೆ ಮಾಡಿದರೆ ನಗಬೇಡಿ, ಗಾಡಿ ನಿಲ್ಲಿಸಿ ಇಳಿದುಬಿಡಿ. ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡು ಊಟ ತಲುಪಿಸಲು ಓಡುವ ಹುಡುಗರೂ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿ ರಾಯಚೂರು, ಕಲಬುರಗಿ ಕಡೆಯಿಂದ ಹೊಟ್ಟೆಪಾಡಿಗೆ ಬಂದ ನಮ್ಮ ಮಕ್ಕಳೇ. ಅವರು ಒನ್‌ವೇಯಲ್ಲಿ ನುಗ್ಗಿದರೆ ಬೈಯುತ್ತೀರಿ. ಬಿರಿಯಾನಿ ಐದು ನಿಮಿಷ ತಡವಾದರೂ ಬೈಯುತ್ತೀರಿ. ಎರಡರಲ್ಲಿ ಒಂದು ಬೈಗುಳವನ್ನಾದರೂ ಬಿಡಿ.

ಯಾರಾದರೂ ಬಿದ್ದಿದ್ದರೆ? ನಿಲ್ಲಿ! ‘ಪೊಲೀಸು, ಸಾಕ್ಷಿ, ಯಾಕೆ ತಾಪತ್ರಯ’ ಎಂದು ಮುಂದೆ ಹೋಗುವ ಕಾಲ ಮುಗಿಯಿತು. ಬಿದ್ದವನಿಗೆ ನೆರವಾದವರನ್ನು ಕಾಪಾಡಲು ಕರ್ನಾಟಕ 2016ರಲ್ಲೇ ತನ್ನದೇ ಮಸೂದೆ ತಂದಿತು. 2019ರ ತಿದ್ದುಪಡಿಯಿಂದ ಕೇಂದ್ರದ ಕಾಯ್ದೆಯಲ್ಲೂ ಆ ರಕ್ಷಣೆ ಸೇರಿದೆ. 108ಕ್ಕೆ ಫೋನ್ ಮಾಡಿ. ಮೊಬೈಲಿನಲ್ಲಿ ವೀಡಿಯೊ ಆಮೇಲೆ ತೆಗೆಯಬಹುದು. ನಮ್ಮ ಬೈಂಡರನ್ನು ಆಟೊಗೆ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದದ್ದು ಪಕ್ಕದ ಗಾಡಿಯಲ್ಲಿ ಎಳನೀರು ಮಾರುವವರು. ಅರ್ಧ ದಿನದ ವ್ಯಾಪಾರ ಬಿಟ್ಟು ಹೋಗಿದ್ದರು. ಹೆಸರೂ ಹೇಳಲಿಲ್ಲ.

ಕೊನೆಗೆ ಭಾಷೆಯ ಮಾತು. ಭಾಷೆಯ ಪತ್ರಿಕೆಯಲ್ಲವೇ ಇದು? ಬೆಂಗಳೂರಿಗೆ ಹೊಸದಾಗಿ ಬಂದವನ ಕಿವಿಗೆ ಮೊದಲು ಬೀಳುವ ಕನ್ನಡ ಯಾವುದು? ಎಷ್ಟೋ ಸಲ ಸಿಗ್ನಲ್ಲಿನಲ್ಲಿ ನಾವು ಉಗುಳುವ ಬೈಗುಳ. ಅವನು ಅದನ್ನೇ ಕಲಿತು ನಾಳೆ ನಮಗೇ ಹೇಳುತ್ತಾನೆ. ಗಾಡಿಗೆ ಗಾಡಿ ತಾಗಿದ ಜಗಳ ಎರಡೇ ನಿಮಿಷದಲ್ಲಿ ‘ನೀನು ಯಾವ ಭಾಷೆಯವನು’ ಎಂಬಲ್ಲಿಗೆ ತಿರುಗುತ್ತದೆ. ಬಂಪರಿನ ಗೀಚಿಗೆ ಭಾಷೆ ಇಲ್ಲ ಸ್ವಾಮಿ! ತಪ್ಪು ಯಾರದೋ ಅವರದು. ಅವನದಾದರೆ ಕನ್ನಡದಲ್ಲೇ ಗಟ್ಟಿಯಾಗಿ, ಗೌರವವಾಗಿ ಕೇಳಿ. ನಿಮ್ಮದಾದರೆ ಕನ್ನಡದಲ್ಲೇ ಒಪ್ಪಿಕೊಳ್ಳಿ. ‘ತಪ್ಪಾಯ್ತು’ ಎಂಬ ಪದ ನಮ್ಮ ನಿಘಂಟಿನಲ್ಲಿ ಇಲ್ಲವೇ? ‘ನೀವು ಮೊದಲು ಹೋಗಿ’ ಎಂದರೆ ನಾಲಿಗೆ ಸವೆಯುತ್ತದೆಯೇ? ಹಾಗೆ ಅಂದವನನ್ನು ಹೊಡೆಯಲು ಎತ್ತಿದ ಕೈ ಕೆಳಗಿಳಿದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ನಾನೇ ಅಂದು ಪಾರಾದದ್ದೂ ಉಂಟು.

ಈ ರಾಜ್ಯೋತ್ಸವಕ್ಕೂ ಸ್ಟಿಕ್ಕರ್ ಹೊಡೆಯುತ್ತೇನೆ. ಹಳದಿ-ಕೆಂಪು ಬಣ್ಣದ್ದೇ. ಆದರೆ ಅದರ ಮೇಲೆ ಈ ಸಲ ಇರುವುದು ಘೋಷಣೆಯಲ್ಲ. ‘ನೀವು ಮೊದಲು ಹೋಗಿ’ ಎಂಬ ಮೂರೇ ಪದ. ಪ್ರೆಸ್ಸಿಗೆ ಬಂದು ತೆಗೆದುಕೊಂಡು ಹೋಗಿ, ಕಾಸು ಬೇಡ. ಕಟಿಂಗ್ ಮಾಡುವುದು ಅದೇ ಹಿರಿಯರು, ಸ್ಟೂಲಿನ ಮೇಲೆ ಕೂತು. ಸ್ಟಿಕ್ಕರನ್ನು ನಿಮ್ಮ ಕೈಗೆ ಕೊಡುವುದೂ ಅವರೇ. ಅವರ ಮುಖ ನೋಡಿ, ಹಾಗೆ ಗಾಡಿ ಓಡಿಸುತ್ತೇನೆ ಎಂದು ಮಾತು ಕೊಟ್ಟವರಿಗೆ ಮಾತ್ರ ಸ್ಟಿಕ್ಕರ್.

ಆ ಬೈಕಿನ ಹುಡುಗನೂ ಬರಲಿ. ಅವನಿಗಾಗಿ ಒಂದು ಎತ್ತಿಟ್ಟಿರುತ್ತೇವೆ.