ಪಾರಿವಾಳದ ಗೂಡೂ ನೆರೆಮನೆಯ ಬೆಕ್ಕೂ

ಪಾರಿವಾಳ ಸಾಕುವ ಹವ್ಯಾಸ ನಮ್ಮ ಕಾಸರಗೋಡು ಸೀಮೆಗೆ ಹೊಸತೇನೂ ಅಲ್ಲ. ಕಡಲ ಕರೆಯ ಮನೆಗಳಲ್ಲಿ ಮಾಡಿನ ಅಡಿಗೆ ಮರದ ಪೆಟ್ಟಿಗೆ ತೂಗಹಾಕಿ ಒಂದೆರಡು ಜೋಡಿ ಹಕ್ಕಿ ಇಟ್ಟುಕೊಳ್ಳುವುದನ್ನು ನಾವು ಚಿಕ್ಕಂದಿನಿಂದಲೂ ಕಂಡಿದ್ದೇವೆ. ಈಗ ಆ ಪೆಟ್ಟಿಗೆ ಹಿತ್ತಿಲಿಗೆ ಇಳಿದು, ಬಲೆ ಹೊಡೆದ, ಶೀಟು ಹೊದೆಸಿದ ದೊಡ್ಡ ಗೂಡಾಗಿದೆ. ಬೀಸಣಿಗೆಯಂತೆ ಬಾಲ ಬಿಚ್ಚುವ ಜಾತಿಯ ಜೋಡಿಗಾಗಿ ಹುಡುಗರು ಕೈಖರ್ಚಿನ ಹಣವನ್ನು ಕೂಡಿಡುತ್ತಾರೆ. ಕೆಟ್ಟ ಚಟಕ್ಕೆ ಬೀಳುವುದಕ್ಕಿಂತ ಇದು ಎಷ್ಟೋ ಮೇಲೆಂಬ ಹೆತ್ತವರ ಮಾತನ್ನು ನಾವೂ ಒಪ್ಪುತ್ತೇವೆ. ಆದರೆ ಗೂಡು ಎದ್ದಲ್ಲಿಗೆ ಬೆಕ್ಕು ಬರುತ್ತದೆ. ಬೆಕ್ಕು ಬಂದಲ್ಲಿಗೆ ಒಮ್ಮೊಮ್ಮೆ ವಿಷವೂ ಬರುತ್ತದೆ. ಈ ಲೇಖನ ಬರೆಯಬೇಕಾಗಿ ಬಂದುದು ಆ ಮೂರನೆಯದರ ದೆಸೆಯಿಂದ.

ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪಾಠ ಮುಗಿದ ಮೇಲೆ ಮೇಜಿನ ಬಳಿ ಬಂದು, "ಮಾಸ್ಟ್ರೇ, ಬೆಕ್ಕಿಗೆ ಇಡ್ಲಿಕ್ಕೆ ಯಾವ ಮದ್ದು ಒಳ್ಳೆದು?" ಎಂದು ಕೇಳಿದ. ಮದ್ದು ಎಂದರೆ ನಮ್ಮ ಕಡೆ ಔಷಧವೂ ಹೌದು, ವಿಷವೂ ಹೌದು. ಅವನು ಕೇಳಿದ್ದು ಎರಡನೆಯದನ್ನು. ಒಂದು ವಾರದೊಳಗೆ ಅವನ ಎರಡು ಮರಿಗಳೂ ಕಾವಿಗೆ ಕೂತಿದ್ದ ಒಂದು ಹೆಣ್ಣೂ ಹೋಗಿದ್ದವು. ಕಳ್ಳ ಆಚೆ ಮನೆಯ ಬೆಕ್ಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಬೂತಾಯಿ ಮೀನಿನ ಹೊಟ್ಟೆಯೊಳಗೆ ಏನನ್ನಾದರೂ ತುಂಬಿ ಬೇಲಿಯ ಬುಡದಲ್ಲಿ ಇಟ್ಟುಬಿಡು ಎಂದು ಯಾರೋ ಹಿರಿಯರೇ ಹೇಳಿಕೊಟ್ಟಿದ್ದರು.

ಹುಡುಗನ ಸಂಕಟವನ್ನು ಹಗುರವಾಗಿ ಕಾಣಬಾರದು. ಪಾರಿವಾಳ ಒಮ್ಮೆಗೆ ಇಡುವುದು ಸಾಮಾನ್ಯವಾಗಿ ಎರಡೇ ಮೊಟ್ಟೆ. ಹಗಲಲ್ಲಿ ಗಂಡು, ರಾತ್ರಿಯಲ್ಲಿ ಹೆಣ್ಣು ಎಂಬಂತೆ ಪಾಳಿಯಲ್ಲಿ ಸುಮಾರು 18 ದಿನ ಕಾವು ಕೊಡುತ್ತವೆ. ಮರಿ ಹೊರಬಂದ ಮೇಲೆ ತಂದೆತಾಯಿ ಇಬ್ಬರೂ ತಮ್ಮ ಗಂಟಲ ಚೀಲದಲ್ಲಿ ಹುಟ್ಟುವ ಹಾಲಿನಂಥ ರಸವನ್ನು ಅದಕ್ಕೆ ಉಣಿಸುತ್ತವೆ. ಹಾರಲು ಮತ್ತೆ ಒಂದು ತಿಂಗಳು ಬೇಕು. ಇಷ್ಟನ್ನೂ ದಿನವೂ ಬಗ್ಗಿ ನೋಡಿದ ಹುಡುಗನಿಗೆ ಬೆಳಿಗ್ಗೆ ಎದ್ದಾಗ ನಾಲ್ಕು ಗರಿ ಮಾತ್ರ ಕಂಡರೆ ಸಿಟ್ಟು ಬಾರದೆ ಇರುತ್ತದೆಯೇ? ಸಿಟ್ಟು ನ್ಯಾಯವೇ. ಆದರೆ ಮೀನಿನಲ್ಲಿ ವಿಷ ಇಡಲು ಹೇಳಿಕೊಟ್ಟ ದೊಡ್ಡವರ ಬುದ್ಧಿಯನ್ನು ಏನೆಂದು ಕರೆಯೋಣ?

ವಿಷಕ್ಕೆ ವಿಳಾಸ ಗೊತ್ತಿಲ್ಲ. ಬೇಲಿಯ ಬುಡದ ಮೀನನ್ನು ಬೆಕ್ಕೇ ತಿನ್ನಬೇಕೆಂದಿಲ್ಲ. ಕಾಗೆ ಕಚ್ಚಿಕೊಂಡು ಹೋಗಿ ಯಾರದೋ ಬಾವಿಕಟ್ಟೆಯಲ್ಲಿ ಹಾಕೀತು, ನಾಯಿ ತಿಂದೀತು, ಕೋಳಿ ಕುಕ್ಕೀತು, ಅಂಬೆಗಾಲಿಡುವ ಮಗುವಿನ ಕೈಗೂ ಸಿಕ್ಕೀತು. ಈ ಜಿಲ್ಲೆಯಲ್ಲಿ ವಿಷದ ವಿಚಾರವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದ ವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟಕ್ಕೆಂದೇ ಸುರಿದದ್ದು. ಅದು ಕೀಟದ ಬಳಿ ಮಾತ್ರ ನಿಲ್ಲಲಿಲ್ಲವೆಂಬುದಕ್ಕೆ ಎಣ್ಮಕಜೆಯ ಮನೆಗಳೇ ಸಾಕ್ಷಿ.

ಇನ್ನು ಕಾನೂನು. ಪ್ರಾಣಿಗಳಿಗೆ ಹಿಂಸೆಯನ್ನು ತಡೆಯುವ ಕಾಯಿದೆ 1960ರಿಂದಲೇ ಇದೆ. ಹಳೆಯ ದಂಡಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನ ಪ್ರಕಾರ, ಯಾವುದೇ ಪ್ರಾಣಿಯನ್ನು ಕೇಡು ಬಗೆದು ಕೊಲ್ಲುವುದು, ವಿಷ ಹಾಕುವುದು, ಅಂಗ ಊನಗೊಳಿಸುವುದು ಐದು ವರ್ಷಗಳ ತನಕ ಸೆರೆವಾಸಕ್ಕೆ ಗುರಿಯಾಗಬಹುದಾದ ಅಪರಾಧ. ಪ್ರಾಣಿಯ ಬೆಲೆ ಇಷ್ಟಿರಬೇಕೆಂಬ ಮಾತು ಅಲ್ಲಿಲ್ಲ. ಬೀದಿಯ ಬೆಕ್ಕು ತಾನೆ, ಕೇಳುವವರು ಯಾರು ಎಂದುಕೊಳ್ಳುವವರು ಇದನ್ನು ಗಮನಿಸುವುದು ಲೇಸು.

ಅದಿರಲಿ, ಕಳ್ಳ ಬೆಕ್ಕೇ ಎಂಬುದಾದರೂ ಖಚಿತವೇ? ನಮ್ಮ ಹಿತ್ತಿಲುಗಳು ಪೇಟೆಯ ಹಿತ್ತಿಲುಗಳಲ್ಲ. ಅಡಿಕೆ ತೋಟದ ಅಂಚಿನ ಮನೆಗೆ ರಾತ್ರಿ ಪುನುಗು ಬೆಕ್ಕು ಬರುತ್ತದೆ, ಹಗಲು ಮುಂಗುಸಿ ಬರುತ್ತದೆ. ಗರಿ ಒಂದೂ ಬೀಳದೆ ಮೊಟ್ಟೆಗಳಷ್ಟೇ ಮಾಯವಾಗಿದ್ದರೆ ಹಾವನ್ನು ಸಂಶಯಿಸಬೇಕು. ಎಳೆಮರಿಯನ್ನು ಗೂಡಿನಲ್ಲೇ ಕಡಿದು ಅರ್ಧ ತಿಂದು ಬಿಟ್ಟಿದ್ದರೆ ಅದು ಹೆಚ್ಚಾಗಿ ಹೆಗ್ಗಣದ ಕೆಲಸ. ಇಷ್ಟು ಜನ ಆರೋಪಿಗಳಿರುವಾಗ ನೆರೆಮನೆಯ ಬೆಕ್ಕೊಂದಕ್ಕೇ ಮರಣದಂಡನೆ ವಿಧಿಸುವುದು ಯಾವ ನ್ಯಾಯ? ಪುನುಗು ಬೆಕ್ಕಿಗಾದರೋ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯೂ ಇದೆ. ಅದು ವಿಷ ತಿಂದು ಸತ್ತರೆ ಕೇಳಲು ಬರುವವರು ಅರಣ್ಯ ಇಲಾಖೆಯವರು.

ಬೆಕ್ಕೇ ಎಂದಿಟ್ಟುಕೊಂಡರೂ ಒಂದನ್ನು ಕೊಂದರೆ ಗೂಡು ಉಳಿಯುವುದಿಲ್ಲ. ಬೆಕ್ಕು ಮೊದಲು ಬರುವುದು ಪಾರಿವಾಳಕ್ಕಾಗಿ ಎನ್ನುವುದಕ್ಕಿಂತ ಇಲಿಗಾಗಿ ಎನ್ನುವುದೇ ಸರಿ. ಗೂಡಿನ ಅಡಿಯಲ್ಲಿ ಚೆಲ್ಲಿದ ಗೋಧಿ, ಜೋಳ, ಹೆಸರುಕಾಳು ಇಲಿಯನ್ನು ಕರೆಯುತ್ತದೆ, ಇಲಿ ಬೆಕ್ಕನ್ನು ಕರೆಯುತ್ತದೆ. ಮೇಲೆ ನೋಡಿದರೆ ಹಬ್ಬದೂಟವೇ ಬಡಿಸಿಟ್ಟಿದೆ! ಆ ಬೆಕ್ಕು ಸತ್ತರೆ ಅದೇ ಜಾಗಕ್ಕೆ, ಅದೇ ಇಲಿಗೆ ಇನ್ನೊಂದು ಬರುತ್ತದೆ. ಹೆಣ್ಣು ಬೆಕ್ಕು ಗರ್ಭ ಧರಿಸಿದ ಒಂಬತ್ತು ವಾರಗಳಲ್ಲಿ ಮರಿ ಹಾಕುತ್ತದೆ, ವರುಷಕ್ಕೆ ಎರಡು ಮೂರು ಸಲ ಹಾಕುವುದೂ ಉಂಟು. ವಿಷದಿಂದ ಈ ಲೆಕ್ಕವನ್ನು ಗೆದ್ದವರನ್ನು ನಾವು ಕಂಡಿಲ್ಲ.

ಹಾಗಾದರೆ ಮಾಡಬೇಕಾದುದೇನು? ಗೂಡನ್ನು ಸರಿಪಡಿಸುವುದು. ಹೊಣೆ ಹಕ್ಕಿ ಸಾಕುವವನದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ತೆಂಗಿನ ಮರಕ್ಕೆ ಇಲಿ ಹತ್ತದಂತೆ ಕಾಂಡಕ್ಕೆ ತಗಡಿನ ಪಟ್ಟಿ ಸುತ್ತುವುದನ್ನು ಈ ಊರಿನ ಮಗುವೂ ನೋಡಿದೆ. ತೆಂಗಿನ ಸಂಶೋಧನೆಯು 1916ರಲ್ಲೇ ಆರಂಭವಾದ ಊರು ನಮ್ಮದು. ಅದೇ ಉಪಾಯ ಗೂಡಿನ ಕಂಬಕ್ಕೂ ಸಾಕು. ಗೂಡನ್ನು ನೆಲದಿಂದ ಆರು ಅಡಿ ಎತ್ತರದ ಕಂಬಗಳ ಮೇಲೆ ನಿಲ್ಲಿಸಿ, ಪ್ರತಿ ಕಂಬದ ಮೇಲ್ಭಾಗಕ್ಕೆ ಎರಡಡಿ ಅಗಲದ ನುಣುಪು ತಗಡು ಸುತ್ತಿದರೆ ಬೆಕ್ಕಿನ ಉಗುರಿಗೆ ಹಿಡಿತ ಸಿಗದು. ತಗಡು ಇಲ್ಲದಿದ್ದರೆ ಅಗಲದ ಪಿ.ವಿ.ಸಿ. ಪೈಪಿನ ತುಂಡನ್ನು ಕಂಬಕ್ಕೆ ತೊಡಿಸಿದರೂ ಆಯಿತು. ಆದರೆ ಕಂಬಕ್ಕೆ ತಗಡು ಹೊಡೆದು ಪಕ್ಕದಲ್ಲೇ ಪೇರಳೆ ಮರದ ಕೊಂಬೆಯನ್ನು ಬಿಟ್ಟರೆ ಏನು ಪ್ರಯೋಜನ? ಕೊಂಬೆ, ಪಾಗಾರ, ಸ್ನಾನದ ಕೊಟ್ಟಿಗೆಯ ಮಾಡು ಯಾವುದರಿಂದಲೂ ಬೆಕ್ಕು ಹಾರಿ ತಲುಪದಷ್ಟು ಎಡೆ ಇರಬೇಕು. ಮಾಡಿನಿಂದ ಕೆಳಮುಖವಾಗಿ ಹಾರುವ ಬೆಕ್ಕು ನೆಲದಿಂದ ಹಾರುವುದಕ್ಕಿಂತ ಬಹಳ ದೂರ ದಾಟುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ.

ಎರಡನೆಯ ತಪ್ಪು ಬಲೆಯದು. ಕೋಳಿಗೂಡಿಗೆ ಹೊಡೆಯುವ ಆರುಮೂಲೆಯ ತೆಳು ಬಲೆ ಅಗ್ಗವೆಂದು ತರುತ್ತಾರೆ. ಅದರ ಕಣ್ಣಿನಲ್ಲಿ ಬೆಕ್ಕಿನ ಪಂಜ ಸಲೀಸಾಗಿ ತೂರುತ್ತದೆ. ಕತ್ತಲೆಯಲ್ಲಿ ಬಲೆಗೆ ಒತ್ತಿ ಕೂತ ಹಕ್ಕಿಯ ಕಾಲನ್ನು ಹೊರಗಿನಿಂದಲೇ ಹಿಡಿದೆಳೆದರೆ ಮುಗಿಯಿತು, ಒಳಗೆ ಬರುವ ಅಗತ್ಯವೇ ಇಲ್ಲ. ಬೆಸುಗೆ ಹಾಕಿದ ಅರ್ಧ ಇಂಚು ಕಣ್ಣಿನ ಬಲೆಯೇ ಆಗಬೇಕು. ಕೂರುವ ಕೋಲು ಬಲೆಯಿಂದ ಒಂದಡಿ ಒಳಗಿರಬೇಕು. ಬಾಗಿಲಿಗೆ ಚಿಲಕ ಇರಲಿ. ಹಗ್ಗದ ಕುಣಿಕೆಯನ್ನು ಬೆಕ್ಕು ಸರಿಸಬಲ್ಲುದು. ಮೇವನ್ನು ಅಂಗಳದಲ್ಲಿ ಚೆಲ್ಲುವುದು ನೋಡಲು ಚೆಂದ, ಆದರೆ ನೆಲದಲ್ಲಿ ತಲೆ ತಗ್ಗಿಸಿ ಕುಕ್ಕುವ ಹಕ್ಕಿಯನ್ನು ಹಿಡಿಯುವುದು ಬೆಕ್ಕಿಗೆ ಅತಿ ಸುಲಭ. ಸಂಜೆಯ ಮೇವನ್ನು ಗೂಡಿನೊಳಗೇ ಕೊಡುವ ರೂಢಿ ಮಾಡಿದರೆ ಹಕ್ಕಿಗಳು ತಾವಾಗಿ ಒಳಸೇರುತ್ತವೆ. ಬೈಸಾರಿಗೆ ಮುಂಚೆ ಚಿಲಕ ಹಾಕಿ ಉಳಿದ ಕಾಳನ್ನು ಗುಡಿಸಿ ತೆಗೆದರೆ ಅರ್ಧ ಕೆಲಸ ಮುಗಿದ ಹಾಗೆ.

ನಿಂಬೆಸಿಪ್ಪೆ, ಮೆಣಸಿನ ಹುಡಿ, ಕಪಾಟಿಗೆ ಹಾಕುವ ನುಸಿಗುಳಿಗೆ ಇತ್ಯಾದಿಗಳ ಮಾತು ಬೇಡ. ನಮ್ಮ ಮಳೆಯಲ್ಲಿ ಅವು ಒಂದು ರಾತ್ರಿ ನಿಲ್ಲವು. ನುಸಿಗುಳಿಗೆಯಂತೂ ಹಕ್ಕಿಗೂ ಮಗುವಿಗೂ ವಿಷವೇ. ಬೆಕ್ಕಿನ ಹಲ್ಲು ತಾಗಿ ಪಾರಾದ ಹಕ್ಕಿಯ ಗಾಯ ಎಷ್ಟೇ ಸಣ್ಣದಾಗಿ ಕಂಡರೂ ಅಂದೇ ಮೃಗಾಸ್ಪತ್ರೆಗೆ ಒಯ್ಯಬೇಕು. ಬೆಕ್ಕಿನ ಬಾಯಿಯ ರೋಗಾಣುಗಳಿಂದ ರಕ್ತ ಕೆಟ್ಟು ಒಂದೆರಡು ದಿನಗಳಲ್ಲಿ ಸಾಯುವುದೇ ಹೆಚ್ಚು.

ಬೆಕ್ಕು ಸಾಕುವವರು ಇಷ್ಟನ್ನು ಓದಿ ಸಮಾಧಾನಪಟ್ಟುಕೊಳ್ಳಬಾರದು. ಮರಿಗಳನ್ನು ಗೋಣಿಯಲ್ಲಿ ಕಟ್ಟಿ ಮೀನು ಮಾರ್ಕೆಟಿನ ಬಳಿಯೋ ಶಾಲೆಯ ಹಿಂದೆಯೋ ಬಿಟ್ಟು ಬರುವವರು ಯಾರು? ಬೇರೆ ಊರಿನವರಲ್ಲ. ಸಂತಾನಶಕ್ತಿ ಹರಣದ ಶಸ್ತ್ರಕ್ರಿಯೆಯ ಕುರಿತು ಮೃಗವೈದ್ಯರಲ್ಲಿ ವಿಚಾರಿಸುವುದಕ್ಕೆ ನಾಚಿಕೆ ಏಕೆ? ಹೊತ್ತಿಗೆ ಸರಿಯಾಗಿ ಅನ್ನ ಹಾಕಿ ರಾತ್ರಿ ಮನೆಯೊಳಗೆ ಇಟ್ಟುಕೊಂಡರೆ ನೆರೆಯವನಿಗೆ ನೆಮ್ಮದಿ. ಕೊರಳಿಗೆ ಗಂಟೆ ಕಟ್ಟಿದ್ದೇವಲ್ಲ ಎನ್ನುವವರಿದ್ದಾರೆ. ಗಂಟೆಯ ಸದ್ದು ಹಾರಬಲ್ಲ ಹಕ್ಕಿಗೆ ಎಚ್ಚರಿಕೆಯಾದೀತು, ಗೂಡಿನಲ್ಲಿ ಸಿಕ್ಕಿಬಿದ್ದ ಮರಿ ಅದನ್ನು ಕೇಳಿ ಎಲ್ಲಿಗೆ ಓಡಬೇಕು?

ಪಾರಿವಾಳದವರೂ ಪೂರ್ಣ ನಿರ್ದೋಷಿಗಳಲ್ಲವೆನ್ನಿ. ಒಣಗಹಾಕಿದ ಅಡಿಕೆಯ ಮೇಲೆ, ಹಗ್ಗದ ಬಟ್ಟೆಯ ಮೇಲೆ ಹಿಕ್ಕೆ ಬಿದ್ದಾಗ ಆಚೆಯವರು ಸುಮ್ಮನಿದ್ದುದನ್ನು ನೆನೆಯಬೇಕು. ನಮ್ಮಲ್ಲಿ ಬೇಲಿಯ ಈಚೆ ಅದು ಬೆಕ್ಕು, ಆಚೆ ಪೂಚ್ಚ, ಅದರಾಚೆ ಪುಚ್ಚೆ. ಮೂರು ಭಾಷೆಯ ಮನೆಗಳಲ್ಲೂ ಅದೊಂದೇ ಬೆಕ್ಕು ಹಾಲು ಕುಡಿದು ಬರುತ್ತದೆ. ಅದು ವಿಷ ತಿಂದು ಸತ್ತ ದಿನ ಜಗಳ ಬೆಕ್ಕಿನಲ್ಲಿ ಮುಗಿಯುವುದಿಲ್ಲ. ಭಾಷೆ, ಜಾತಿ, ಮತ ಒಂದೊಂದೇ ಬೇಲಿಯ ಬಳಿಗೆ ಬಂದು ನಿಲ್ಲುತ್ತವೆ. ಇದಕ್ಕಿಂತ ಸಣ್ಣ ಕಾರಣಗಳಿಗೆ ಮಾತು ಬಿಟ್ಟ ನೆರೆಕರೆಯವರನ್ನು ನಾವು ನೋಡಿದ್ದೇವೆ. ಎರಡು ತುಂಡು ತಗಡು, ನಾಲ್ಕು ಗಜ ಬಲೆ, ಒಂದು ಆದಿತ್ಯವಾರ, ಇಷ್ಟರಿಂದ ತಪ್ಪುವ ಸಂಗತಿ ಇದು.

ಆ ಹುಡುಗನೊಡನೆ ಹೋಗಿ ಅವನ ಗೂಡನ್ನು ನೋಡಿದೆವು. ಗೂಡು ಪಾಗಾರಕ್ಕೆ ಅಂಟಿಕೊಂಡೇ ಇತ್ತು, ಬಲೆ ಕೋಳಿಯ ಬಲೆ, ಕೆಳಗೆ ಒಂದು ಸೇರಿನಷ್ಟು ಕಾಳು ಚೆಲ್ಲಿತ್ತು. ಅದನ್ನು ಈಚೆಗೆ ಸರಿಸುವ ದಿನ ಆಚೆ ಮನೆಯವರೂ ಒಂದು ತುದಿ ಹಿಡಿದರು. ಕಡಲ ಗಾಳಿಗೆ ಕಬ್ಬಿಣದ ಬಲೆ ಬೇಗ ತುಕ್ಕು ಹಿಡಿಯುತ್ತದೆ. ಮಳೆ ಹಿಡಿದ ಮೇಲೆ ಒಣನೆಲ ಹುಡುಕುವ ಬೆಕ್ಕು ಗೂಡಿನ ಅಡಿಗೇ ಬಂದು ಮಲಗುತ್ತದೆ. ಗೂಡು ಇರುವವರು ಪತ್ತನಾಜೆಗೆ ಮೊದಲೇ ಬಲೆ, ಚಿಲಕ, ಕಂಬದ ತಗಡುಗಳನ್ನು ಒಮ್ಮೆ ಪರೀಕ್ಷಿಸಿಕೊಳ್ಳಲಿ. ಆಮೇಲೆ ಒಂದು ಕೈಯಲ್ಲಿ ಕೊಡೆ ಹಿಡಿದು ತಗಡಿಗೆ ಮೊಳೆ ಹೊಡೆಯುವುದು ಯಾರಿಂದಲೂ ಆಗದು.