ಎದೆಯ ಕೊಳವೆ ದಾರಿ ತಪ್ಪಿದಾಗ

ಶ್ವಾಸಕೋಶದ ಸುತ್ತ ಎರಡು ಪದರಗಳ ತೆಳುವಾದ ಹೊದಿಕೆಯುಂಟು. ಆ ಪದರಗಳ ನಡುವೆ ಗಾಳಿ, ನೀರು, ಕೀವು ಅಥವಾ ರಕ್ತ ಸೇರಿಕೊಂಡರೆ ಶ್ವಾಸಕೋಶವು ಅರಳಲಾರದೆ ಕುಗ್ಗುತ್ತದೆ. ಆಗ ವೈದ್ಯರು ಪಕ್ಕೆಲುಬುಗಳ ನಡುವೆ ಕೊಳವೆಯೊಂದನ್ನು ಒಳಗಿಳಿಸಿ, ಅದರ ಹೊರತುದಿಯನ್ನು ನೀರಿರುವ ಬಾಟಲಿಯಲ್ಲಿ ಮುಳುಗಿಸುತ್ತಾರೆ. ಒಳಗಿನ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ಹೊರಗಿನ ಗಾಳಿ ನೀರನ್ನು ದಾಟಿ ಒಳಹೋಗಲಾರದು. ಜರ್ಮನಿಯ ಹ್ಯಾಂಬರ್ಗಿನ ವೈದ್ಯ ಬ್ಯೂಲೌ 1875ರಲ್ಲಿ ಎದೆಯ ಕೀವನ್ನು ತೆಗೆಯಲು ಬಳಸಿದ ಉಪಾಯವಿದು.

ಉಪಾಯವು ಸರಳವಾದರೂ ಕೊಳವೆಯು ಸೇರಬೇಕಾದೆಡೆ ಸೇರದಿರುವುದುಂಟು. ಸಾಮಾನ್ಯವಾಗಿ ಅದನ್ನು ಕಂಕುಳ ಕೆಳಗೆ, ಐದನೆಯ ಪಕ್ಕೆಲುಬಿನ ಸಂದಿಯ ಆಸುಪಾಸಿನಲ್ಲಿ ಹಾಕುವರು. ಇನ್ನೂ ಕೆಳಗಿಳಿದರೆ ವಪೆಯನ್ನು ತೂರಿ ಬಲಗಡೆ ಯಕೃತ್ತಿಗೋ ಎಡಗಡೆ ಗುಲ್ಮಕ್ಕೋ ತಗಲುವ ಭಯ. ಕೆಲವೊಮ್ಮೆ ಅದು ಶ್ವಾಸಕೋಶದೊಳಗೇ ನಾಟುವುದು; ಕೆಲವೊಮ್ಮೆ ಎದೆಗೂಡನ್ನು ಹೊಗದೆ ಚರ್ಮದಡಿಯಲ್ಲಿಯೇ ಉಳಿಯುವುದು. ಕೊಳವೆಯ ಪಕ್ಕದ ರಂಧ್ರವು ಎದೆಗೂಡಿನ ಹೊರಗುಳಿದರೆ ಗಾಳಿಯು ಚರ್ಮದಡಿ ಹರಡಿ ಎದೆ, ಕತ್ತು, ಮುಖಗಳು ಊದಿಕೊಳ್ಳಬಹುದು. ಒತ್ತಿದರೆ ಬೆರಳಿಗೆ ಚರಚರನೆ ತಗಲುತ್ತದೆ.

ರೋಗಿಯ ಬಳಿ ಕುಳಿತವರು ಬಾಟಲಿಯತ್ತ ಕಣ್ಣಿಟ್ಟಿರಬೇಕು. ಉಸಿರಾಟದೊಡನೆ ಕೊಳವೆಯಲ್ಲಿನ ನೀರು ಏರಿಳಿಯುವುದು ಸಹಜ. ಹಾಕಿದ ಗಳಿಗೆಯಿಂದಲೇ ಅದು ಕದಲದಿದ್ದರೆ ಕೊಳವೆ ಮಡಿಚಿರಬಹುದು, ಕಟ್ಟಿಕೊಂಡಿರಬಹುದು, ಇಲ್ಲವೆ ಸ್ಥಳ ತಪ್ಪಿರಬಹುದು. ಎದುರಿನಿಂದ ತೆಗೆದ ಎಕ್ಸರೇಯಲ್ಲಿ ಸರಿಯೆಂದು ಕಂಡ ಕೊಳವೆಯೂ ತಪ್ಪು ಸ್ಥಳದಲ್ಲಿರುವುದುಂಟು. ಸಂಶಯ ಉಳಿದರೆ ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ.

ತಪ್ಪೆಂದು ತಿಳಿದೊಡನೆ ಮನೆಯವರು ಕೇಳುವ ಮೊದಲ ಮಾತು, “ಅದನ್ನು ಈಗಲೇ ಕಿತ್ತುಹಾಕಿ” ಎಂಬುದು. ಈ ಆತುರ ಸಹಜವೇ, ಆದರೆ ಅಪಾಯಕರ. ಯಕೃತ್ತನ್ನೋ ದೊಡ್ಡ ರಕ್ತನಾಳವನ್ನೋ ಹೊಕ್ಕ ಕೊಳವೆಯು ತಾನೇ ಬಿರಡೆಯಾಗಿ ರಕ್ತವನ್ನು ತಡೆದಿರಬಹುದು. ಶಸ್ತ್ರವೈದ್ಯರೂ ರಕ್ತದ ಬಾಟಲಿಗಳೂ ಸಿದ್ಧವಾಗುವವರೆಗೆ ಅದನ್ನು ಅಲುಗಿಸದಿರುವುದೇ ಚಿಕಿತ್ಸೆ. ಹೆಚ್ಚು ಆಳಕ್ಕೆ ಹೋದದ್ದನ್ನು ವೈದ್ಯರು ತುಸು ಹಿಂದೆಳೆಯಬಲ್ಲರು. ಹೊರಜಾರಿದ್ದನ್ನು ಮಾತ್ರ ಮತ್ತೆ ಒಳತಳ್ಳುವುದಿಲ್ಲ. ಹೊರಗಿನ ರೋಗಾಣುಗಳು ಅದರೊಡನೆ ಎದೆಯನ್ನು ಸೇರುತ್ತವೆ. ಅಗತ್ಯವಿದ್ದರೆ ಬೇರೆಡೆ ಹೊಸ ಕೊಳವೆಯನ್ನೇ ಹಾಕುವರು.

ಇನ್ನು ಬಂಧುಗಳಿಂದಲೇ ಆಗುವ ತಪ್ಪುಗಳು. ರೋಗಿಯನ್ನು ಶೌಚಕ್ಕೆ ಕರೆದೊಯ್ಯುವಾಗ ಬಾಟಲಿಯನ್ನು ಮಂಚದ ಮೇಲಿಡುವುದು ಅವುಗಳಲ್ಲೊಂದು. ಎದೆಯ ಮಟ್ಟಕ್ಕಿಂತ ಮೇಲೆತ್ತಿದರೆ ಅದರೊಳಗಿನ ದ್ರವವು ಮರಳಿ ಎದೆಗೆ ಹರಿಯಬಹುದು. ಗುಳ್ಳೆ ಬರುತ್ತಿರುವ ಕೊಳವೆಗೆ ಚಿಮುಟ ಹಾಕಿಬಿಟ್ಟರೆ ಗಾಳಿಯು ಒಳಗೇ ಒತ್ತಿ ಹೃದಯವನ್ನೂ ಅದುಮೀತು. ಬಾಟಲಿಯು ಸದಾ ಎದೆಗಿಂತ ಕೆಳಗೆ, ನೆಟ್ಟಗೆ ನಿಂತಿರಲಿ; ಕೊಳವೆ ಜಾರಿದಂತೆ ಕಂಡರೆ ಕೈ ಹಾಕದೆ ನರ್ಸನ್ನು ಕೂಗಿರಿ.