ಹೊಂಬಾಳೆಯ ರಸ, ಮಂಜುಗಡ್ಡೆ ಮತ್ತು ಕಾನೂನು

ಉಡುಮಲೈಪೇಟೆಯ ಗೃಹಿಣಿಯರಿಗೆ ಹುದುಗುವಿಕೆಯ ಶಾಸ್ತ್ರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೇಸಿಗೆಯ ಸಂಜೆ ರುಬ್ಬಿಟ್ಟ ಇಡ್ಲಿ ಹಿಟ್ಟು ನಡುರಾತ್ರಿಗೇ ಪಾತ್ರೆಯ ಅಂಚು ಮೀರುತ್ತದೆ. ಮಾರ್ಗಶಿರದ ಚಳಿಯಲ್ಲಿ ಬೆಳಗಾದರೂ ಮೇಲೇಳುವುದಿಲ್ಲ. ಅಕ್ಕಿ ಅದೇ, ಉದ್ದು ಅದೇ, ರುಬ್ಬಿದ ಕೈ ಅದೇ, ಬದಲಾದುದು ಉಷ್ಣತೆಯೊಂದೇ. ಅಡುಗೆಮನೆಯ ಈ ಸಣ್ಣ ಅನುಭವವೇ ಇದೇ ಸೀಮೆಯ ತೆಂಗಿನ ತೋಟಗಳಲ್ಲಿ ಒಂದು ಕಾನೂನಿನ ಪ್ರಶ್ನೆಯಾಗಿ ನಿಂತಿದೆ.

ತೆಂಗಿನ ಅರಳದ ಹೊಂಬಾಳೆಯ ತುದಿಯನ್ನು ಕೊಯ್ದರೆ ರಸ ಜಿನುಗುತ್ತದೆ. ಒಳ್ಳೆಯ ಮರವೊಂದು ದಿನಕ್ಕೆ ಸುಮಾರು ಒಂದೂವರೆಯಿಂದ ಎರಡು ಲೀಟರ್ ರಸ ಕೊಡುತ್ತದೆ. ಇಳಿದ ಕ್ಷಣದಲ್ಲಿ ಅದರಲ್ಲಿ ಮದ್ಯಸಾರವಿಲ್ಲ. ಶೇಕಡ 15ರ ಆಸುಪಾಸಿನ ಸಕ್ಕರೆಯಿದೆ. ಅದೇ ನೀರಾ. ಆದರೆ ಗಾಳಿಯಲ್ಲಿ, ಮಡಕೆಯ ಗೋಡೆಯಲ್ಲಿ, ಹೊಂಬಾಳೆಯ ಮೇಲೆಯೇ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳು ಕಾದಿರುತ್ತವೆ. ಬಿಸಿಲು ಏರಿದಂತೆ ಅವು ಸಕ್ಕರೆಯನ್ನು ಒಡೆದು ಮದ್ಯಸಾರ, ಇಂಗಾಲದ ಡೈಆಕ್ಸೈಡ್ ಮತ್ತು ಹುಳಿಯನ್ನಾಗಿ ಮಾಡುತ್ತವೆ. ಕೆಲವೇ ಗಂಟೆಗಳಲ್ಲಿ ನೊರೆ ಏಳುತ್ತದೆ. ಒಂದು ದಿನ ಕಳೆಯುವಷ್ಟರಲ್ಲಿ ಅದು ಕಳ್ಳು. ಇನ್ನೂ ಬಿಟ್ಟರೆ ಮದ್ಯಸಾರವೂ ಹುಳಿತು ವಿನೆಗರ್ ಆಗುತ್ತದೆ.

ಒಂದೇ ಮಡಕೆಯ ರಸ ಮುಂಜಾನೆ ಮಕ್ಕಳೂ ಕುಡಿಯಬಹುದಾದ ಪಾನೀಯ, ಸಂಜೆ ಅಪರಾಧದ ವಸ್ತು. ಸಂವಿಧಾನದ 47ನೆಯ ವಿಧಿ ಮಾದಕ ಪಾನೀಯಗಳ ನಿಷೇಧಕ್ಕೆ ಪ್ರಯತ್ನಿಸಬೇಕೆಂದು ರಾಜ್ಯಕ್ಕೆ ನಿರ್ದೇಶನ ನೀಡಿದೆ. ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯ 8ನೆಯ ನಮೂದು ಈ ವಿಷಯದ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ಆದುದರಿಂದಲೇ ಉಡುಮಲೈಪೇಟೆಯಿಂದ ಮುನ್ನಾರಿನ ಕಡೆಗೆ ಹೊರಟವರು ಚಿನ್ನಾರ್ ದಾಟಿ ಕೇರಳ ಸೇರಿದೊಡನೆ ಕಳ್ಳಿಗೆ ಪರವಾನಗಿ ಪಡೆದ ಅಂಗಡಿಗಳಿರುವ ನಾಡಿನಲ್ಲಿರುತ್ತಾರೆ. ಇತ್ತ ತಮಿಳುನಾಡಿನಲ್ಲಿ 1937ರ ಮದ್ಯಪಾನ ನಿಷೇಧ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಕಳ್ಳು ಇಳಿಸುವುದು 1987ರಿಂದ ನಿಷಿದ್ಧ. 2017ರಲ್ಲಿ ನೀರಾ ಇಳಿಸಲು ಅವಕಾಶ ದೊರೆಯಿತು, ಆದರೆ ಪರವಾನಗಿ ಪಡೆದು, ರಸ ಹುದುಗದಂತೆ ಕಾಪಾಡಬೇಕೆಂಬ ಕಟ್ಟುಪಾಡಿನೊಂದಿಗೆ. ಹೀಗೆ ಬೆಳೆಗಾರನ ಹಕ್ಕು ಉಷ್ಣಮಾಪಕದ ಮೇಲೆ ನಿಂತಿತು.

ಉಷ್ಣತೆಗೂ ಕಾನೂನಿಗೂ ಇರುವ ಈ ನಂಟು ಹೊಸದಲ್ಲ. ಜರ್ಮನಿಯ ಬವೇರಿಯಾದಲ್ಲಿ ತಂಪು ನೆಲಮಾಳಿಗೆಗಳಲ್ಲಿ ನಿಧಾನವಾಗಿ ಹುದುಗಿ, ವಾರಗಟ್ಟಲೆ ಚಳಿಯಲ್ಲಿ ಮಾಗುವ ಲಾಗರ್ ಎಂಬ ಬಿಯರ್ ರೂಢಿಯಲ್ಲಿತ್ತು. ಅದರ ಯೀಸ್ಟಿಗೆ ಸುಮಾರು 8ರಿಂದ 13 ಡಿಗ್ರಿ ಸೆಲ್ಸಿಯಸ್ ಹಿತ. ಬೇಸಿಗೆಯಲ್ಲಿ ತಯಾರಿಸಿದ್ದು ಕೆಡುತ್ತಿತ್ತು. ಆದುದರಿಂದ 1553ರಲ್ಲಿ ಅಲ್ಲಿನ ಆಳರಸರು ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಕೆಯನ್ನೇ ನಿಷೇಧಿಸಿದರು. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ರೂಪಿಸಿದ ಶೈತ್ಯಯಂತ್ರ ಬಂದ ಮೇಲೆ ಅಲ್ಲಿ ಋತುವಿನ ಹಂಗು ತಪ್ಪಿತು. ಇಂದು ಅಮೆರಿಕದಲ್ಲಿ ನೆಲೆಸಿದ ಬಂಧುಗಳು ಹಳೆಯ ಫ್ರಿಜ್ಜಿನಲ್ಲೋ ಮಂಜುಗಡ್ಡೆಯ ತೊಟ್ಟಿಯಲ್ಲೋ ಮನೆಬಿಯರ್ ಮಾಗಿಸುವುದನ್ನು ಫೋನಿನಲ್ಲಿ ತೋರಿಸಿಯಾರು. ಅಲ್ಲಿ 1978ರ ಕಾನೂನು ಅದಕ್ಕೆ ದಾರಿ ಮಾಡಿತು. ಇಲ್ಲಿ ಮನೆಯಲ್ಲಿ ಅದನ್ನು ಮಾಡುವುದು ಅಪರಾಧ. ಕುತೂಹಲವುಳ್ಳ ಮಕ್ಕಳಿಗೆ ಹಿರಿಯರು ಇದನ್ನು ಮುಚ್ಚಿಡದೆ ಹೇಳುವುದೇ ಲೇಸು.

ಲಿಂಡೆಯ ಯಂತ್ರ ಬೃಹತ್ ಕಾರ್ಖಾನೆಗೆ ಮಾಡಿದ ಉಪಕಾರವನ್ನು ತೆಂಗಿನ ಮರದ ತುದಿಯಲ್ಲಿ ಮಾಡಿದ್ದು ಕನ್ನಡಿಗರಿಗೆ ಹತ್ತಿರದ ಕಾಸರಗೋಡು. ಅಲ್ಲಿ 1916ರಲ್ಲಿ ಆರಂಭವಾದ ತೆಂಗು ಸಂಶೋಧನಾ ಕೇಂದ್ರವೇ 1970ರಲ್ಲಿ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಹಿಂದೆ ಮಡಕೆಯ ಒಳಗೆ ಸುಣ್ಣ ಬಳಿದು ಹುದುಗುವಿಕೆಯನ್ನು ತಡೆಯುತ್ತಿದ್ದರು. ಇರುವೆ, ಪರಾಗ, ದೂಳು ರಸಕ್ಕೆ ಬೀಳುತ್ತಿದ್ದವು. ಸಂಸ್ಥೆಯ ವಿಜ್ಞಾನಿಗಳು ಪಿವಿಸಿ ಕೊಳವೆಯೊಂದರ ಒಂದು ತುದಿಯನ್ನು ಪೆಟ್ಟಿಗೆಯಾಗಿ ಹಿಗ್ಗಿಸಿ, ಅದರೊಳಗೆ ರಸದ ಪಾತ್ರೆಯನ್ನಿಟ್ಟು ಸುತ್ತ ಮಂಜುಗಡ್ಡೆ ತುಂಬಿದರು. ಇನ್ನೊಂದು ತುದಿಗೆ ಹೊಂಬಾಳೆ. ವಿದ್ಯುತ್ತೂ ಬೇಡ, ಸುಣ್ಣವೂ ಬೇಡ. ಹೀಗೆ ದೊರೆತ ತಾಜಾ ರಸಕ್ಕೆ ‘ಕಲ್ಪರಸ’ ಎಂದು ಹೆಸರಿಟ್ಟರು. ಅದನ್ನು ಕಾಯಿಸಿದರೆ ಬೆಲ್ಲ ಅಥವಾ ಸಕ್ಕರೆಯೂ ಆಗುತ್ತದೆ.

ಆದರೆ ಮರದಿಂದ ಇಳಿದೊಡನೆ ಕೆಲಸ ಮುಗಿಯಲಿಲ್ಲ. ಸಕ್ಕರೆಯೂ ಸೂಕ್ಷ್ಮಜೀವಿಗಳೂ ರಸದಲ್ಲಿಯೇ ಇವೆ. ಚಳಿ ಅವನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೆ. ತೋಟದಿಂದ ಅಂಗಡಿಗೆ ಹೋಗುವ ಹಾದಿಯಲ್ಲಿ ಮಂಜುಗಡ್ಡೆ ಕರಗಿದರೆ ಅವು ಏಳುತ್ತವೆ. ಬಿಗಿಯಾಗಿ ಮುಚ್ಚಿದ ಬಾಟಲಿಯಲ್ಲಿ ಅನಿಲ ತುಂಬಿ ಬಾಟಲಿ ಸಿಡಿಯಲೂಬಹುದು.

ನಿಜವಾದ ಗಂಡಾಂತರವಿರುವುದು ಇಲ್ಲಿಯೇ. ಪರವಾನಗಿಯುಳ್ಳ ಬೆಳೆಗಾರನೊಬ್ಬನ ಡಬ್ಬವನ್ನು ಮಧ್ಯಾಹ್ನದ ಬಿಸಿಲಲ್ಲಿ ಜಪ್ತಿ ಮಾಡಿದರೆಂದು ಭಾವಿಸಬಹುದು. ಮಹಜರು ಬರೆದು, ಮೊಹರು ಹಾಕಿ, ಮಾದರಿಯು ರಾಸಾಯನಿಕ ಪರೀಕ್ಷಕರನ್ನು ತಲಪುವಾಗ ದಿನಗಳು ಕಳೆದಿರುತ್ತವೆ. ಗಾಂಜಾವಾಗಲಿ ಕತ್ತಿಯಾಗಲಿ ಕಪಾಟಿನಲ್ಲಿ ಕುಳಿತು ಬೇರೆ ವಸ್ತುವಾಗುವುದಿಲ್ಲ, ನೀರಾ ಆಗುತ್ತದೆ. ಮುದ್ರೆ ಮುರಿಯದಿದ್ದರೂ ಒಳಗಿನ ಸಾಕ್ಷ್ಯ ಬದಲಾಗಿರುತ್ತದೆ. ಪರೀಕ್ಷೆಯ ದಿನ ಮದ್ಯಸಾರ ಇದ್ದುದರಿಂದ ಜಪ್ತಿಯ ಗಳಿಗೆಯಲ್ಲಿಯೂ ಇತ್ತೆಂದು ಹೇಳಲಾಗದು. ಮಾದರಿಯನ್ನು ಯಾವ ಗಂಟೆಗೆ ತೆಗೆದರು, ಯಾವ ಉಷ್ಣತೆಯಲ್ಲಿ ಇಟ್ಟರು, ಯಾವಾಗ ಪರೀಕ್ಷಿಸಿದರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ವರದಿ ನ್ಯಾಯಕ್ಕೆ ಸಾಲದು.

ಇದೇ ಎಚ್ಚರ ಬೆಳೆಗಾರನಿಗೂ ಬೇಕು. ಪರವಾನಗಿಯ ಪ್ರತಿ ಜೊತೆಯಲ್ಲಿರಲಿ. ರಸ ಇಳಿಸಿದ ಗಂಟೆಯನ್ನೂ ಪೆಟ್ಟಿಗೆಯ ಉಷ್ಣತೆಯನ್ನೂ ಪ್ರತಿದಿನ ಪುಸ್ತಕದಲ್ಲಿ ಬರೆದಿಡಲಿ. ಜಪ್ತಿಯಾದರೆ ಮಾದರಿಯನ್ನು ಮಂಜುಗಡ್ಡೆಯಲ್ಲಿಡಬೇಕೆಂದು ಕೇಳಿ, ಕೇಳಿದುದನ್ನು ಮಹಜರಿನಲ್ಲಿ ದಾಖಲಿಸಲಿ. ಬರೆಯುವ ಕೆಲಸವನ್ನು ಶಾಲೆಗೆ ಹೋಗುವ ಮಗಳಿಗೋ ಮಗನಿಗೋ ಒಪ್ಪಿಸಬಹುದು. ವಿಜ್ಞಾನದ ಪಾಠದಲ್ಲಿ ಓದಿದ ಯೀಸ್ಟ್ ತಮ್ಮ ತೋಟದಲ್ಲಿಯೇ ಕೆಲಸ ಮಾಡುವುದನ್ನು ಆ ಮಗು ಕಂಡೀತು. ಮುಂದೊಂದು ದಿನ ಆ ಪುಸ್ತಕವೇ ತಂದೆಯ ಪರವಾಗಿ ಸಾಕ್ಷಿ ನುಡಿದೀತು.